ಮೂವತ್ತು ಹೆಬ್ಬೆಟ್ಟು

ಗುರುವಾರ ಜಿಲ್ಲಾ ಶಿಕ್ಷಣ ಕಚೇರಿಯಿಂದ ಅಧಿಕಾರಿ ಬರುತ್ತಾರೆ ಎಂದು ಗೊತ್ತಾದ ಮೇಲೆ ಎನೆಲೆಸಿ ಒಂದು ಕಡೆ ಕೂತವಳಲ್ಲ. ಎಂಪಲಾಸ ಊರಿನ ಶಾಲೆಗೆ ತಾಯಂದಿರ ಗುಂಪು ಅಂತ ಒಂದಿದೆ, ಅದಕ್ಕೆ ಅವಳೇ ಮುಖ್ಯಸ್ಥೆ. ಮನೆಮನೆಗೂ ಹೋಗಿ, ಆ ದಿನ ಹೊಲಕ್ಕೆ ಹೋಗಬೇಡಿ, ಸಂತೆಗೆ ಹೋಗಬೇಡಿ, ಗಂಡಂದಿರನ್ನು ಬೆಳಿಗ್ಗೆಯೇ ಕುಡಿಯಲು ಬಿಡಬೇಡಿ ಎಂದು ಹೇಳಿ ಬಂದಳು. ಮೂವತ್ತು ಜನ ಸಾಕಿತ್ತು. ಐವತ್ತು ಜನ ಬರುತ್ತೇವೆ ಅಂದಿದ್ದರು.

ವಿಷಯ ಇಷ್ಟೇ. ಎಂಪಲಾಸದ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಆರಕ್ಕೆ ಹೋಗಬೇಕೆಂದರೆ ನಸೋಲೊ ಹೊಳೆ ದಾಟಿ ಆಚೆ ಊರಿಗೆ ಹೋಗಬೇಕು. ಬೇಸಿಗೆಯಲ್ಲಿ ಆ ಹೊಳೆ ಮೊಣಕಾಲು ಮುಳುಗಿಸುವುದಿಲ್ಲ, ಮಕ್ಕಳು ಆಟವಾಡುತ್ತ ದಾಟುತ್ತವೆ. ವರ್ಷದ ಕೊನೆಗೆ ಶುರುವಾಗಿ ಮಾರ್ಚಿಗೆ ಮುಗಿಯುವ ಮಳೆಗಾಲದಲ್ಲಿ ಮಾತ್ರ ಅದರ ಬುದ್ಧಿ ಯಾರಿಗೂ ತಿಳಿಯದು. ಅಡ್ಡ ಹಾಕಿದ ಎರಡು ಮರದ ದಿಮ್ಮಿಗಳೇ ಸೇತುವೆ. ಎನೆಲೆಸಿಯ ಮಗಳು ತಕೋಂಡ್ವಾ ಈಗ ಐದರಲ್ಲಿದ್ದಳು. ಸೆಪ್ಟೆಂಬರಿನೊಳಗೆ ಇಲ್ಲೇ ಎರಡು ಕೋಣೆ ಎದ್ದರೆ ಹುಡುಗಿ ಹೊಳೆಯ ಮುಖ ನೋಡಬೇಕಾಗಿರಲಿಲ್ಲ.

ಊರಿನವರು ಇಟ್ಟಿಗೆ ಸುಟ್ಟು ಕೊಟ್ಟರೆ ಸಿಮೆಂಟು, ತಗಡು, ಗಾರೆಯವರನ್ನು ನಾವು ಕೊಡುತ್ತೇವೆ ಎಂದು ಸರಕಾರ ಹೇಳಿತ್ತು. ತಂದೆತಾಯಿ ಮತ್ತು ಶಾಲೆ ಕೈ ಜೋಡಿಸುವುದು ಅಂತ ಅದಕ್ಕೊಂದು ಚಂದದ ಹೆಸರು. ಕೈ ಜೋಡಿಸಿದ್ದೇನೂ ಸುಳ್ಳಲ್ಲ. ಎರಡು ಬೇಸಿಗೆ ಹೆಂಗಸರು ತಲೆಯ ಮೇಲೆ ನೀರು ಹೊತ್ತರು, ಗಂಡಸರು ಮಣ್ಣು ತುಳಿದರು. ಶಾಲೆಯ ಹಿಂದೆ ನಲವತ್ತು ಸಾವಿರ ಇಟ್ಟಿಗೆಯ ಗೂಡು ಎದ್ದು ನಿಂತಿತು, ಮೇಲೆ ಹುಲ್ಲಿನ ಹೊದಿಕೆ. ಆದರೆ ಸರಕಾರಕ್ಕೆ ಗೂಡು ಒಂದೇ ಸಾಲದು, ಜನವೂ ಕಾಣಬೇಕು. ಮೂವತ್ತು ಮಂದಿ ಪಾಲಕರು ಅಧಿಕಾರಿಯ ಕಣ್ಣೆದುರು ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಬೇಕು. ಶುಕ್ರವಾರ ಪಟ್ಟಿ ರಾಜಧಾನಿಗೆ ಹೋಗುತ್ತದೆ, ಆಮೇಲೆ ಅತ್ತರೂ ಇಲ್ಲ, ಕರೆದರೂ ಇಲ್ಲ.

ಬುಧವಾರ ಮಧ್ಯಾಹ್ನ ಮೆಲಿಫಾಳ ಮಗಳು ತಿಯಾಮಿಕೆ ಆಚೆ ಊರಿನ ಶಾಲೆಯಿಂದ ಬರುವಾಗ ದಿಮ್ಮಿಯ ಮೇಲಿಂದ ತುಂಬಿದ ಹೊಳೆಗೆ ಜಾರಿದಳು. ಹದಿಮೂರು ವರ್ಷದ ಹುಡುಗಿ, ಆರನೇ ತರಗತಿ. ಸಂಜೆಯ ಹೊತ್ತಿಗೆ ಕೆಳಗಿನ ಜೊಂಡಿನಲ್ಲಿ ಸಿಕ್ಕಳು.

ಸಾವಿನ ಮನೆ ಅಂದಮೇಲೆ ನಮ್ಮ ಕಡೆ ಎಲ್ಲ ನಿಂತುಹೋಗುತ್ತದೆ. ಗುದ್ದಲಿ ನೆಲಕ್ಕೆ ತಾಗುವುದಿಲ್ಲ, ಅಂಗಡಿ ತೆರೆಯುವುದಿಲ್ಲ. ಮಣ್ಣಾಗುವವರೆಗೆ ಊರಿಗೆ ಊರೇ ಆ ಅಂಗಳದಲ್ಲಿ ಕೂರಬೇಕು, ಬೇರೆ ಮಾತು ಎತ್ತಬಾರದು. ಹಿಂದಿನ ವರ್ಷ ಒಬ್ಬ ಸಾವಿನ ಅಂಗಳದಲ್ಲಿ ಸರಕಾರ ಕೊಡುವ ಗೊಬ್ಬರದ ಚೀಟಿಯ ಮಾತೆತ್ತಿದ್ದ. ಊರ ಯಜಮಾನರು ಅವನಿಗೆ ಒಂದು ಆಡು ದಂಡ ಹಾಕಿದರು. ಅವನ ತಾಯಿ ಸತ್ತಾಗ ಗುಂಡಿ ತೋಡಲು ನಾಲ್ಕು ಜನ ಸಿಗಲಿಲ್ಲ.

ಗುರುವಾರ ಬೆಳಿಗ್ಗೆ ಮೆಲಿಫಾಳ ಅಂಗಳದಲ್ಲಿ ಜನ ತುಂಬಿದ್ದರು. ಒಳಗೆ ಹೆಣದ ಸುತ್ತ ಹೆಂಗಸರು, ಹೊರಗೆ ಮಾವಿನ ಮರದ ಕೆಳಗೆ ಗಂಡಸರು. ಹುಡುಗಿಯ ಅಪ್ಪ ದೂರದ ಚಹಾ ತೋಟದಿಂದ ಬರಬೇಕಿತ್ತು. ಅವನು ಬರದೆ ಮಣ್ಣು ಮಾಡುವಂತಿರಲಿಲ್ಲ. ಎನೆಲೆಸಿ ಹಿತ್ತಲಲ್ಲಿ ಮುಸುಕಿನ ಜೋಳದ ಮುದ್ದೆ ತಿರುವುತ್ತಿದ್ದಳು. ಕೈ ತಿರುವುತ್ತಿತ್ತು, ಕಿವಿ ಮಾತ್ರ ರಸ್ತೆಯ ಕಡೆಗಿತ್ತು. ಸತ್ತ ಮಗುವಿನ ಮನೆಯಲ್ಲಿ ನಿಂತು ಕಾರಿನ ಸದ್ದಿಗೆ ಕಾಯುತ್ತಿದ್ದೀನಲ್ಲ, ನಾನೆಂಥ ಹೆಂಗಸು ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಹತ್ತು ಗಂಟೆಗೆ ಕಾರು ಬಂತು. ಅಧಿಕಾರಿಯ ಹೆಸರು ಕಂಜೆಡ್ಜ, ತೆಳ್ಳಗಿನ ಮನುಷ್ಯ. ಶಾಲೆಗೆ ಹೋದರಂತೆ, ಗೂಡು ನೋಡಿದರಂತೆ, ಇಟ್ಟಿಗೆ ತಟ್ಟಿ ಚೆನ್ನಾಗಿ ಬೆಂದಿದೆ ಅಂದರಂತೆ. ಜನ ಎಲ್ಲಿ ಎಂದು ಕೇಳಿದ್ದಕ್ಕೆ ಹೆಡ್ಮೇಷ್ಟ್ರು ಎನ್ಖ್ವಾಜಿ ಇದ್ದದ್ದು ಹೇಳಿದರು. ಕಂಜೆಡ್ಜ ಏನು ಪರದೇಶದವರೆ? ತಕ್ಷಣ ಟೋಪಿ ತೆಗೆದು, ಮೊದಲು ಅಲ್ಲಿಗೆ ಹೋಗೋಣ ಅಂದರು. ಬಂದು, ಬಾಗಿಲಲ್ಲಿ ಸಾವಿನ ಮನೆಯ ಹಿಟ್ಟಿನ ಖರ್ಚಿಗೆಂದು ಕೈಲಾದಷ್ಟು ದುಡ್ಡು ಹಾಕಿ, ಮಾವಿನ ಮರದ ಕೆಳಗೆ ಎಲ್ಲರ ನಡುವೆ ತಲೆ ತಗ್ಗಿಸಿ ಕೂತರು. ಅರ್ಜಿಯಿದ್ದ ಕಪ್ಪು ಚೀಲ ಅವರ ಕಾಲ ಬಳಿಯೇ ಇತ್ತು.

ಇದಕ್ಕೆ ಏನೆನ್ನಬೇಕೋ ನೀವೇ ಹೇಳಿ. ಮೂವತ್ತಲ್ಲ, ಎಪ್ಪತ್ತು ಜನ ಪಾಲಕರು ಅವರ ಸುತ್ತ ಕೂತಿದ್ದರು. ಅವರಿಗೆ ಬೇಕಾದದ್ದು ಹೆಬ್ಬೆಟ್ಟು, ಇವರಿಗೆ ಬೇಕಾದದ್ದು ಹೆಬ್ಬೆಟ್ಟು ಒತ್ತುವುದು. ಇಬ್ಬರ ಬಾಯಿಗೂ ಬೀಗ.

ಎನೆಲೆಸಿ ಹೆಡ್ಮೇಷ್ಟ್ರನ್ನು ಹಿತ್ತಲ ಮೂಲೆಗೆ ಕರೆದು, ನೀವಾದರೂ ಯಜಮಾನರ ಕಿವಿಯಲ್ಲಿ ಒಂದು ಮಾತು ಹಾಕಿ ಎಂದು ಬೇಡಿಕೊಂಡಳು. ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಹೆಂಗಮ್ಮ ಕೇಳ್ಲಿ? ಒಳಗೆ ಮಗು ಮಲಗಿದೆ. ನಾನು ಬೇರೆ ಊರಿನೋನು, ಇವತ್ತು ಬಾಯಿ ಬಿಟ್ರೆ ನಾಳೆಯಿಂದ ಒಬ್ರೂ ಮಕ್ಕಳನ್ನ ನನ್ನ ಹತ್ರ ಕಳಿಸಲ್ಲ."

"ಹಂಗಾದ್ರೆ ನನ್ನ ಮಗಳು?"

"ಮಣ್ಣಾದ ಮೇಲೆ ಕೇಳೋಣ. ತಿಯಾಮಿಕೆ ಅಪ್ಪ ಬೇಗ ಬರ್ಲಿ ಅಂತ ಬೇಡ್ಕೋ."

ಅವಳಪ್ಪ ಬೇಗ ಬರಲಿಲ್ಲ. ಹನ್ನೆರಡಾಯಿತು. ಊಟಕ್ಕೆ ಮುಂಚೆ ಗಂಡಸರ ಕೈಗೆ ನೀರು ಹಾಕುವ ಕೆಲಸ ಎನೆಲೆಸಿಯ ಪಾಲಿಗೆ ಬಂತು. ಒಬ್ಬೊಬ್ಬರ ಮುಂದೆ ಮಂಡಿಯೂರಿ ನೀರು ಹಾಕುತ್ತ ಕಂಜೆಡ್ಜರ ಮುಂದೆ ಬಂದಳು. ಅವರ ಬೆರಳುಗಳು ಚೊಂಬಿನ ಕೆಳಗೆ ಇದ್ದವು, ಚೀಲ ಅವಳ ಮಂಡಿಗೆ ತಾಗುತ್ತಿತ್ತು. ಸಾರ್, ಇಲ್ಲೇ ಒತ್ತಿಸ್ಕೊಳ್ಳಿ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಮಾತು ನಾಲಿಗೆಯ ತುದಿಗೆ ಬಂತು. ಅದೇ ಹೊತ್ತಿಗೆ ಒಳಗಿನಿಂದ ಮೆಲಿಫಾಳ ಅಳು ಕೇಳಿತು, ಗಂಟಲು ಹರಿದು ಧ್ವನಿಯೇ ಉಳಿಯದ ಅಳು. ಎನೆಲೆಸಿ ಚೊಂಬು ಬಗ್ಗಿಸಿ ಅವರ ಬೆರಳಿನ ಮೇಲೆ ನೀರು ಬಿಟ್ಟಳು.

ಕಂಜೆಡ್ಜ ಅವಳ ಮುಖ ನೋಡಿದರು. ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ. "ದೊಡ್ಡ ಕಷ್ಟ ಬಂತಮ್ಮ ನಿಮ್ಮೂರಿಗೆ" ಅಂದರು.

"ಹೌದು ಸಾರ್" ಅಂದಳು ಎನೆಲೆಸಿ. ಪಕ್ಕದವರ ಕೈಗೆ ನೀರು ಹಾಕಲು ಮುಂದೆ ಸರಿದಳು.

ಎರಡು ಗಂಟೆಗೆ ಅಧಿಕಾರಿ ಎದ್ದರು. ಇನ್ನೂ ಎರಡು ಶಾಲೆ ನೋಡುವುದಿತ್ತು. ಯಜಮಾನರ ಕೈ ಕುಲುಕಿ, ಹೆಡ್ಮೇಷ್ಟ್ರ ಭುಜ ತಟ್ಟಿ ಹೊರಟರು. ಹುಡುಗಿಯ ಅಪ್ಪ ಲಾರಿಯಿಂದ ಇಳಿದಾಗ ನಾಲ್ಕೂವರೆ ದಾಟಿತ್ತು.

ಮೂರು ವಾರಕ್ಕೆ ಪತ್ರ ಬಂತು. ಗೂಡು ಸರಿಯಾಗಿದೆ, ಪರಿಶೀಲನೆಯ ದಿನ ಪಾಲಕರ ಸಹಿ ದೊರೆತಿಲ್ಲ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವುದು. ಹೆಡ್ಮೇಷ್ಟ್ರು ಜಿಲ್ಲಾ ಕಚೇರಿಗೆ ಎರಡು ಸಲ ನಡೆದರು. ಕಂಜೆಡ್ಜ ಕೂರಿಸಿ ಚಹಾ ಕೊಟ್ಟರಂತೆ, ಸುಳ್ಳು ಹೆಬ್ಬೆಟ್ಟು ನಾನು ಹೇಗೆ ಒತ್ತಲಿ ಮೇಷ್ಟ್ರೇ ಎಂದು ಕೈ ಚೆಲ್ಲಿದರಂತೆ. ಯಾರನ್ನು ಬೈಯುವುದು? ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಎನೆಲೆಸಿಯ ಹೊಟ್ಟೆಯ ಉರಿ ಸ್ವಲ್ಪ ಇಳಿಯುತ್ತಿತ್ತು.

ಸುದ್ದಿ ಮೆಲಿಫಾಳಿಗೆ ಮುಟ್ಟಬಾರದು ಎಂದು ಊರೆಲ್ಲ ಸುಮ್ಮನಿತ್ತು. ಆದರೆ ಊರ ಬಾಯಿ ಎಷ್ಟು ದಿನ ಮುಚ್ಚಿರುತ್ತದೆ? ಜೂನ್ ತಿಂಗಳ ಒಂದು ಬೆಳಿಗ್ಗೆ ಬೋರ್‌ವೆಲ್ ಹತ್ತಿರ ಮೆಲಿಫಾ ತನ್ನ ಬಿಂದಿಗೆ ಕೆಳಗಿಟ್ಟು ನೇರ ಎನೆಲೆಸಿಯ ಮುಂದೆ ಬಂದು ನಿಂತಳು.

"ಆ ಸಾಹೇಬ್ರು ನಮ್ಮಂಗಳದಲ್ಲೇ ಕೂತಿದ್ರಂತೆ. ಕಾಗದ ಜೊತೇಲೇ ಇತ್ತಂತೆ. ಹೌದೇನೆ?"

"ಹೌದಕ್ಕ."

"ಮತ್ತೆ ಯಾಕೆ ಕೇಳ್ಲಿಲ್ಲ?"

ಎನೆಲೆಸಿ ನಿನ್ನ ದುಃಖದಲ್ಲಿ ಹೇಗೆ ಕೇಳುವುದು ಅಂದಳು.

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು ಕಣೆ" ಅಂದಳು ಮೆಲಿಫಾ. "ನನ್ನ ಮಗಳು ಯಾಕೆ ಸತ್ಲು ಅಂತ ನಿಮಗೆಲ್ಲ ಗೊತ್ತಿತ್ತಲ್ಲ. ನಾನೇ ಹೊರಗೆ ಬಂದು ಮೊದಲ್ನೇ ಹೆಬ್ಬೆಟ್ಟು ಒತ್ತುತ್ತಿದ್ದೆ. ಆಮೇಲೆ ಯಾವೋನು ದಂಡ ಹಾಕ್ತಿದ್ದ?"

ಬಿಂದಿಗೆ ತುಂಬಿಸದೆಯೇ ಅವಳು ಹೊರಟುಹೋದಳು. ಎನೆಲೆಸಿ ಪಂಪಿನ ಹಿಡಿ ಹಿಡಿದುಕೊಂಡು ನಿಂತಿದ್ದಳು. ಹಿಂದಿನವರು ಗದರಿಸಿದ ಮೇಲೆ ಪಕ್ಕಕ್ಕೆ ಸರಿದಳು.

ಸೆಪ್ಟೆಂಬರಿನಲ್ಲಿ ತಕೋಂಡ್ವಾ ಆರನೇ ತರಗತಿಗೆ ಸೇರಿದಳು. ಶಾಲೆ ಬಿಡಿಸುವ ಮಾತು ಮನೆಯಲ್ಲಿ ಬಂದಿತ್ತು, ಹುಡುಗಿ ಎರಡು ದಿನ ಉಣ್ಣಲಿಲ್ಲ. ನಾಲ್ಕು ತಿಂಗಳು ಹೊಳೆ ಸುಮ್ಮನಿತ್ತು. ಜನವರಿಯ ಎರಡನೇ ವಾರ ಮಲೆಯ ಕಡೆ ಮಳೆ ಬಿದ್ದು ನೀರು ಕೆಂಪಾಗಿ ದಿಮ್ಮಿಯ ಹೊಟ್ಟೆ ಮುಟ್ಟಿತು. ಎನೆಲೆಸಿ ಮಗಳ ಜೊತೆ ದಡದವರೆಗೆ ಬಂದಳು. ದಿಮ್ಮಿ ಇಬ್ಬರ ಭಾರ ತಡೆಯುವುದಿಲ್ಲ, ಕೈ ಹಿಡಿದು ದಾಟಿಸುವಂತಿಲ್ಲ.

"ನೀನು ಹೋಗಮ್ಮ, ನಾನು ನಿಧಾನಕ್ಕೆ ದಾಟ್ತೀನಿ" ಅಂದಳು ಹುಡುಗಿ, ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತ.

ಎನೆಲೆಸಿ ಹೋಗಲಿಲ್ಲ. ಮಗಳು ಒಂದು ಕಾಲು ದಿಮ್ಮಿಯ ಮೇಲೆ ಇಟ್ಟಳು, ಆಮೇಲೆ ಇನ್ನೊಂದು.