ಸೂರತ್ತಿನವರ ಉಪಚಾರ

ಬರೋಡಾದ ಕಾಲೇಜಿಗೆ ಹೊಸದಾಗಿ ಬಂದ ಫುಟ್‌ಬಾಲ್ ಕೋಚ್, ಧಾರವಾಡದ ಲಿಂಗರಾಜರ ತಂಡ ೧೯೬೪ರಲ್ಲಿ ಆಡಿದ್ದೆಲ್ಲ ಸೋತಿತ್ತು. ಸೂರತ್ತಿನಲ್ಲೂ ಸೋತರೆ ಅವರ ಕೆಲಸಕ್ಕೇ ಸಂಚಕಾರ. ಸೂರತ್ತಿನವರೋ ಆಟಕ್ಕೆ ಮುಂಚೆ ಅತಿಥಿಗಳಿಗೆ ತುಪ್ಪದಲ್ಲಿ ಅದ್ದಿದ ಘಾರಿ ಎಂಬ ಸಿಹಿ ಬಡಿಸುವವರು. ಬೇಡವೆಂದರೆ ಅವಮಾನ, ತಿಂದರೆ ಓಡಲಾಗದು.

ಬಡಿಸಿದ ತಟ್ಟೆಯ ಮುಂದೆ ಲಿಂಗರಾಜರು ಕೈಕಟ್ಟಿ ಕೂತರು. "ಆತಿಥೇಯರು ಜೊತೆಗೆ ಉಣ್ಣದೆ ನಾವು ತುತ್ತೆತ್ತುವುದಿಲ್ಲ. ನಮ್ಮ ಕಡೆ ಪದ್ಧತಿ."

"ಸಾಹೇಬ್, ನಮಗೆ ಆಟ ಇದೆ!" ಎಂದ ಸೂರತ್ತಿನ ಕ್ಯಾಪ್ಟನ್.

"ನಾವೇನು ಮದುವೆಗೆ ಬಂದಿದ್ದೇವಾ, ಭಾಯಿ? ಕೂತ್ಕೊಳ್ಳಿ."

ಉಂಡ ಎರಡೂ ತಂಡಗಳು ಮೈದಾನದಲ್ಲಿ ಎಮ್ಮೆಗಳಂತೆ ಅಡ್ಡಾಡಿದವು. ಗೋಲಿಲ್ಲದೆ ಆಟ ಮುಗಿಯಿತು, ಕೆಲಸ ಉಳಿಯಿತು. ಹುಡುಗರು ಕೋಚನ್ನು ಹೆಗಲ ಮೇಲೆ ಹೊರಲು ಬಂದರು, ಎತ್ತಲಾಗಲಿಲ್ಲ. ಇರಲಿ, ಇವರಿಗೆ ಆಟ ಕಲಿಸಿ ಗೆಲ್ಲಿಸಿದ ದಿನ ಎತ್ತಿಸಿಕೊಂಡರಾಯಿತು, ಎಂದುಕೊಂಡರು ಲಿಂಗರಾಜರು.