ಅಲ್ ಬರ್ಷಾದ ಸಾಂಗ್ರಿ

ಮಾಸಾರ ತೂಕ ಮೂವತ್ತೆಂಟು ಕಿಲೋಗೆ ಇಳಿದ ಭಾನುವಾರ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಇನ್ನೊಂದು ವಾರದಲ್ಲಿ ಊಟ ಹೆಚ್ಚದಿದ್ದರೆ ಮೂಗಿನಿಂದ ನಳಿಗೆ ಹಾಕಬೇಕಾದೀತು ಎಂದರು. ಆ ನಳಿಗೆಯನ್ನು ಕಿತ್ತುಕೊಂಡ ಮುದುಕರನ್ನೂ, ಕೀಳದಿರಲೆಂದು ಅವರ ಕೈಗಳನ್ನು ಮಂಚಕ್ಕೆ ಕಟ್ಟಿದ್ದನ್ನೂ ಮಗ್ದಲೀನ್ ಹದಿನೆಂಟು ವರ್ಷದ ನರ್ಸ್ ಕೆಲಸದಲ್ಲಿ ಬೇಕಾದಷ್ಟು ಕಂಡಿದ್ದಳು.

ಅದು 2016ರ ಮೇ ತಿಂಗಳು. ಉಡುಪಿ ಹತ್ತಿರದ ಶಂಕರಪುರದ ಮಗ್ದಲೀನ್ ದುಬೈಯ ಅಲ್ ಬರ್ಷಾದ ಆ ಫ್ಲ್ಯಾಟಿಗೆ ಬಂದು ಇಪ್ಪತ್ತೆರಡು ದಿನವಾಗಿತ್ತು. ಮಾಸಾ ಎಂದರೆ ಮಾರವಾಡದ ಕಡೆ ಅಮ್ಮ. ಎಪ್ಪತ್ತೆಂಟರ ಈ ಮಾಸಾ ರಾಜಸ್ಥಾನದ ಫಲೋದಿಯ ಜೈನರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಗ ಜೇಠಮಲ್‌ಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಟೈಲ್ಸ್ ಗೋದಾಮು. ಸೊಸೆ ತಂಗಿಯ ಹೆರಿಗೆಗೆಂದು ಜೋಧಪುರಕ್ಕೆ ಹೋಗಿದ್ದಳು. ಹಾಗಾಗಿ ಅಡುಗೆಮನೆಯೂ ಮಗ್ದಲೀನಳ ಪಾಲಿಗೇ ಬಂದಿತ್ತು. ಹಿಂದಿನ ನರ್ಸಿನ ಮೇಲೆ ಮಾಸಾ ಒಂದೇ ಒಂದು ದೂರು ಹೇಳಿದ್ದಕ್ಕೆ ಜೇಠಮಲ್ ಆಕೆಯನ್ನು ಸಂಜೆಯೊಳಗೆ ಕಳಿಸಿಬಿಟ್ಟಿದ್ದ. ಈಗ ಮಾಸಾ ಯಾರನ್ನೂ ದೂರುತ್ತಿರಲಿಲ್ಲ. ಹೆಸರುಬೇಳೆಯ ಖಿಚಡಿಯನ್ನು ಎರಡು ಚಮಚ ತಿಂದು ತಟ್ಟೆ ಸರಿಸುತ್ತಿದ್ದರು.

ಆಸ್ಪತ್ರೆಯಿಂದ ಮರಳುವಾಗ, ದಿನಗಟ್ಟಲೆ ಬಾಯಿ ಬಿಡದಿದ್ದ ಮಾಸಾ ಕಾರಿನ ಗಾಜಿಗೆ ಬೆರಳು ತಾಗಿಸಿದರು.

"ಖೇಜಡಿ!"

ರಸ್ತೆ ಬದಿಯಲ್ಲಿ ಒಂದು ಗಾಫ್ ಮರ. ಈ ದೇಶದ ಮರಳಿನಲ್ಲಿ ತಾನಾಗಿ ಬೆಳೆಯುವ ಮರ. ಇದೇ ಮರಕ್ಕೆ ಮಾರವಾಡದಲ್ಲಿ ಖೇಜಡಿ ಎನ್ನುತ್ತಾರೆಂದು ಮಗ್ದಲೀನ್‌ಗೆ ಗೊತ್ತಿರಲಿಲ್ಲ. ಕೊಂಬೆಗಳ ತುಂಬ ಅಲಸಂಡೆಯಂಥ ಎಳೆ ಕೋಡುಗಳು.

"ಸಾಂಗ್ರಿ ಬಿಟ್ಟಿದೆ ನೋಡು. ನಮ್ಮಲ್ಲಿ ಮಳೆ ಬರದ ವರ್ಷವೂ ಇದು ಬಿಡ್ತದೆ. ನಾವು ಬದುಕಿದ್ದೇ ಇದನ್ನು ತಿಂದು" ಎಂದರು ಮಾಸಾ ಹಿಂದಿಯಲ್ಲಿ.

ಮಗ್ದಲೀನಳಿಗೆ ಅಷ್ಟೇ ಸಾಕಾಯಿತು. ಅವಳ ಗಂಡ ವಿಕ್ಟರ್ ಗಿಡಮರ ಬೆಳೆಸುವ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಫೋನ್ ಮಾಡಿದಳು.

"ಎಂತ ಮಾರಾಯ್ತಿ, ಒಂಟೆ ತಿನ್ನುವುದನ್ನು ಪೇಷೆಂಟಿಗೆ ಹಾಕ್ತೀಯಾ?"

"ನಿಮ್ಮ ನರ್ಸರಿಯಲ್ಲಿ ಉಂಟಾ ಇಲ್ವಾ, ಅಷ್ಟು ಹೇಳಿ."

"ಉಂಟು ಉಂಟು. ಕೊಂಬೆ ಮುರಿದ್ರೆ ದಂಡ, ಕೋಡು ಕೊಯ್ದ್ರೆ ಯಾರೂ ಕೇಳುವುದಿಲ್ಲ. ನಾಳೆ ತರ್ತೇನೆ. ಉಳಿದದ್ದಕ್ಕೆ ಸಿಗಡಿ ಹಾಕಿ ನಂಗೊಂದು ಸುಕ್ಕ ಮಾಡು."

ಸೋಮವಾರ ಸಂಜೆ ಒಂದು ಚೀಲ ಕೋಡು ಬಂತು. ಮಂಗಳವಾರ ಸೊಸೆ ಜೋಧಪುರದಿಂದ ಫೋನಿನಲ್ಲೇ ಅಡುಗೆ ಹೇಳಿಕೊಟ್ಟಳು. ಬೇಯಿಸಿ, ಎಣ್ಣೆಯಲ್ಲಿ ಇಂಗು, ಜೀರಿಗೆ, ಒಣಮೆಣಸು, ಕೊನೆಗೆ ಮಾವಿನಕಾಯಿ ಪುಡಿ. "ಮತ್ತೆ ಸಿಸ್ಟರ್, ದಯವಿಟ್ಟು ತೆಂಗಿನಕಾಯಿ ಹಾಕಬೇಡಿ!"

ತಟ್ಟೆ ಮುಂದಿಟ್ಟಾಗ ಮಾಸಾ ಬಗ್ಗಿ ಪರಿಮಳ ಎಳೆದುಕೊಂಡರು. ಕಣ್ಣು ಒದ್ದೆಯಾಯಿತು. ಕೈ ಮಾತ್ರ ಮಡಿಲಲ್ಲೇ ಉಳಿಯಿತು.

"ಇದು ಹಸಿಯದ್ದು, ಬೇಟಾ. ನಾನು ಹಸಿರು ಬಿಟ್ಟಿದ್ದೇನೆ."

"ಬಿಟ್ಟಿದ್ದೀರಿ ಅಂದ್ರೆ?"

"ನಮ್ಮ ಯಜಮಾನರು ತೀರಿಕೊಂಡಾಗ ನಮ್ಮ ಮುನಿಗಳು, ಮಹಾರಾಜ್‌ಸಾ ಮುಂದೆ ವ್ರತ ತಗೊಂಡೆ. ಬದುಕಿರೋವರೆಗೂ ಹಸಿ ತರಕಾರಿ ಇಲ್ಲ, ಸೊಪ್ಪಿಲ್ಲ. ಧಾನ್ಯ, ಬೇಳೆ, ಒಣಗಿಸಿದ್ದು ಅಷ್ಟೇ. ಒಂಬತ್ತು ವರ್ಷ ಆಯ್ತು. ಮನೆಯಲ್ಲೂ ಹೇಳಿಲ್ಲ, ಮಕ್ಕಳು ವೃಥಾ ಕೊರಗ್ತಾರೆ. ಬಡಿಸಿದರೆ ಬೇಡ ಅಂತ ಸರಿಸಿಬಿಡ್ತಿದ್ದೆ."

ಅಡುಗೆಮನೆಯ ಖಿಚಡಿ ಪಾತ್ರೆ ಮಗ್ದಲೀನಳ ಕಣ್ಣ ಮುಂದೆ ಬಂತು. ರಕ್ತ ಕಡಿಮೆ ಎಂದು ರಿಪೋರ್ಟ್ ಬಂದ ದಿನದಿಂದ ಅವಳು ಸತ್ವಾ ಬಡಾವಣೆಯ ಅಂಗಡಿಯಿಂದ ನುಗ್ಗೆಸೊಪ್ಪು ತಂದು, ನುಣ್ಣಗೆ ಅರೆದು, ಗೊತ್ತಾಗದಂತೆ ಅರಿಶಿನ ಹೆಚ್ಚು ಹಾಕಿ ದಿನವೂ ಖಿಚಡಿಗೆ ಬೆರೆಸುತ್ತಿದ್ದಳು. ಅವಳ ಊರಿನಲ್ಲಿ ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ನುಗ್ಗೆಸೊಪ್ಪೇ ಮೊದಲ ಮದ್ದು. ಈಸ್ಟರ್‌ಗೆ ಮೊದಲು ಲೆಂಟಿನ ಉಪವಾಸದ ನಲವತ್ತು ದಿನ ಮೀನು ಮುಟ್ಟದವಳು ಅವಳು. ಗುಡ್‌ಫ್ರೈಡೆಯ ದಿನ ಯಾರಾದರೂ ಅವಳ ಗಂಜಿಗೆ ಮೀನಿನ ಸಾರು ಬೆರೆಸಿದ್ದರೆ?

ಸುಮ್ಮನಿದ್ದುಬಿಡಬಹುದಿತ್ತು. ನಾಳೆಯಿಂದ ಹಾಕದಿದ್ದರಾಯಿತು. ಆದರೆ ಅವಳ ಬಾಯಿ ತಡೆಯಲಿಲ್ಲ.

"ಮಾಸಾ, ಖಿಚಡಿಗೆ ನಾನು ಸೊಪ್ಪು ಹಾಕ್ತಿದ್ದೆ. ದಿನಾ. ನೀವು ಬೇಡ ಅಂತೀರಿ ಅಂತ ಅಡಗಿಸಿ ಹಾಕ್ತಿದ್ದೆ."

"ಗೊತ್ತು."

"ಗೊತ್ತಾ?"

"ಸೊಂಟ ಮುರಿದಿರೋದು, ಕಣ್ಣಲ್ಲ." ಮಾಸಾ ಮೊದಲ ಬಾರಿಗೆ ನಕ್ಕರು. "ಮೊದಲನೇ ದಿನವೇ ಕಂಡೆ. ತಿನ್ನೋಕೆ ಆಗ್ತಿರಲಿಲ್ಲ. ಒಂದೂ ತುತ್ತು ತಿನ್ನದಿದ್ದರೆ ಜೇಠು ಕಾರಣ ಕೇಳ್ತಿದ್ದ. ಅದಕ್ಕೇ ಎರಡು ಚಮಚ ನುಂಗಿ, ಮನಸ್ಸಿನಲ್ಲೇ ಕ್ಷಮೆ ಕೇಳಿಕೊಳ್ಳುತ್ತಿದ್ದೆ."

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ನಿನಗಿಂತ ಮುಂಚೆ ಇದ್ದ ಆ ಹುಡುಗಿ ಲಿಫ್ಟಿನಲ್ಲಿ ಅಳ್ತಾ ಹೋದಳು. ಅವಳು ಮಾಡಿದ್ದು ಹಾಲು ಚೆಲ್ಲಿದ್ದು, ಅಷ್ಟೇ. ಹೇಳಿದ್ದು ನಾನು. ಇನ್ನೊಬ್ಬಳನ್ನೂ ಕಳಿಸೋದು ನನ್ನಿಂದ ಆಗಲಿಲ್ಲ." ಮಾಸಾ ಅವಳ ಮೊಣಕೈ ಹಿಡಿದರು. "ನೀನು ಕೆಟ್ಟದ್ದೇನೂ ಬೆರೆಸಿಲ್ಲವಲ್ಲ. ಅಳಬೇಡ. ಉಳಿದ ಕೋಡು ಎಲ್ಲಿದೆ? ಉಪ್ಪು ನೀರಲ್ಲಿ ಕುದಿಸಿ ಒಣಗಿಸು. ಒಣಗಿದ ಮೇಲೆ ಅದು ಹಸಿರಲ್ಲ."

ಅಂದೇ ಮಧ್ಯಾಹ್ನ ಹೊಸ ಪಾತ್ರೆಯಲ್ಲಿ ಬರೀ ಹೆಸರುಬೇಳೆ, ಅಕ್ಕಿ, ತುಪ್ಪ ಸೇರಿ ಖಿಚಡಿಯಾಯಿತು. ಮಾಸಾ ಚಮಚದಿಂದ ಒಂದು ಸಲ ಕೆದಕಿ ನೋಡಿ, ಅರ್ಧ ಬಟ್ಟಲು ಉಂಡರು.

ಬಾಲ್ಕನಿಯಲ್ಲಿ ಹಳೆಯ ಬೆಡ್‌ಶೀಟ್ ಹಾಸಿ ಮಗ್ದಲೀನ್ ಕೋಡು ಹರವಿದಳು. ಹೊರಗೆ ನಲವತ್ತೆರಡು ಡಿಗ್ರಿ. ಮಾಸಾ ಗಾಲಿಕುರ್ಚಿಯನ್ನು ಬಾಗಿಲಿಗೆ ತರಿಸಿಕೊಂಡು ಅಪ್ಪಣೆ ಕೊಡತೊಡಗಿದರು. ಒಂದರ ಮೇಲೊಂದು ಬೀಳಬಾರದು. ದಪ್ಪದ್ದು ತೆಗೆ. ಮಗುಚು. ಗುರುವಾರ ಸಂಜೆಗೆ ಕೋಡುಗಳು ಕಂದು ಬಣ್ಣಕ್ಕೆ ತಿರುಗಿ, ಸುರುಟಿ, ಕಡ್ಡಿಯಂತಾದವು. ಅವನ್ನು ರಾತ್ರಿಯಿಡೀ ನೆನೆಹಾಕಿ ಶುಕ್ರವಾರ ಮಧ್ಯಾಹ್ನ ಮಗ್ದಲೀನ್ ಮತ್ತೆ ಪಲ್ಯ ಮಾಡಿದಳು. ಜೊತೆಗೆ ಅಂಚು ಒಡೆದ ಸಜ್ಜೆ ರೊಟ್ಟಿ.

ವಾರದ ರಜೆಯೆಂದು ಮನೆಯಲ್ಲಿದ್ದ ಜೇಠಮಲ್ ತಾಯಿ ಎರಡನೆಯ ರೊಟ್ಟಿ ಮುರಿಯುವುದನ್ನು ನೋಡಿ ತನ್ನ ತಟ್ಟೆಯನ್ನೇ ಮರೆತ. "ಸಿಸ್ಟರ್, ಏನು ಹಾಕಿದ್ರಿ ಇದಕ್ಕೆ?"

"ಎಂತ ಹಾಕಿಲ್ಲ ಸರ್."

"ನಮ್ಮೂರ ರೊಟ್ಟಿ ಇಷ್ಟು ದಪ್ಪ ಇರೋದಿಲ್ಲ" ಎಂದರು ಮಾಸಾ, ಅಗಿಯುತ್ತಲೇ.

ಭಾನುವಾರ ತೂಕ ಮೂವತ್ತೆಂಟು ಕಿಲೋ ಏಳುನೂರು ಗ್ರಾಂ. ಡಾಕ್ಟರು ಎರಡೆರಡು ಸಲ ನೋಡಿದರು. ನಳಿಗೆ ಸದ್ಯಕ್ಕೆ ಬೇಡ ಎಂದರು. ಕಬ್ಬಿಣಾಂಶದ ಮಾತ್ರೆ ಬರೆದು, ಸೊಪ್ಪು ತರಕಾರಿ ಚೆನ್ನಾಗಿ ಕೊಡಿ ಎಂದು ಸೇರಿಸಿದರು.

ಮಗ್ದಲೀನ್ ಮಾಸಾರ ಮುಖ ನೋಡಿದಳು. ಜೇಠಮಲ್ ಪಕ್ಕದಲ್ಲೇ ಇದ್ದ. ಮಾಸಾ ಒಂದು ಗಳಿಗೆ ಯೋಚಿಸಿ, ಹೇಳು ಎಂಬಂತೆ ತಲೆಯಾಡಿಸಿದರು.

"ಇವರು ಹಸಿರು ತಿನ್ನುವುದಿಲ್ಲ ಡಾಕ್ಟ್ರೇ, ವ್ರತ ಉಂಟು" ಎಂದಳು ಮಗ್ದಲೀನ್. "ಫೈಲಿನಲ್ಲಿ ಬರೆದುಕೊಳ್ಳಿ. ನನ್ನ ನಂತರ ಬರುವವರಿಗೂ ಗೊತ್ತಿರಲಿ."