ಪೀಡೆಯ ಫೈಲು

ಸೊಸೆಗೆ ಅತ್ತೆ ಮನೆಯಿಂದ ಬಿಡುಗಡೆ ಸಿಗೋದಕ್ಕೆ ಇನ್ನು ಒಂದೇ ಒಂದು ಕಾಗದ ಬಾಕಿಯಿತ್ತು. ಬಾಡಿಗೆ ಮನೆ ಗೊತ್ತು ಮಾಡಿಯಾಗಿತ್ತು, ಗಂಡ ಹೇಗೋ ತಲೆಯಾಡಿಸಿದ್ದ, ಅರ್ಧ ಪಾತ್ರೆಗಳು ಆಗಲೇ ರಟ್ಟಿನ ಡಬ್ಬ ಸೇರಿದ್ದವು. ಆದರೆ ಹೊಸ ಮನೆಯ ಮಾಲೀಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ನಾಯಿಗೆ ಇಂಜೆಕ್ಷನ್ ಎಲ್ಲಾ ಆಗಿದೆ ಅನ್ನೋದಕ್ಕೆ ಆಸ್ಪತ್ರೆ ದಾಖಲೆಯ ನಕಲು ತನ್ನಿ. ಇಲ್ದಿದ್ರೆ ನೀವು ಬನ್ನಿ, ನಾಯಿ ಬೇಡ." ನಾಯಿ ಬಿಟ್ಟು ಹೋಗೋದೇ? ಗಂಡನನ್ನಾದರೂ ಬಿಟ್ಟಾಳು, ಬಂಗಾರಿಯನ್ನು ಬಿಡುವವಳಲ್ಲ.

ದಾಖಲೆ ಎಲ್ಲಿ ಅಂತ ಗಂಡನನ್ನು ಕೇಳಿದರೆ, "ಇಂಜೆಕ್ಷನ್ ನೀನು ಹಾಕಿಸ್ತಾ ಇದ್ದೆ ಅಲ್ವಾ?" ಅಂತ ಕಣ್ಣು ಕಣ್ಣು ಬಿಟ್ಟ. ಅವಳೋ ಇಷ್ಟು ವರ್ಷ ಅವನೇ ಹಾಕಿಸುತ್ತಿದ್ದಾನೆ ಅಂತ ನೆಮ್ಮದಿಯಾಗಿದ್ದಳು. ಅತ್ತೆಯನ್ನು ಕೇಳುವ ಮಾತೇ ಇರಲಿಲ್ಲ. ಆ ಮಹಾತಾಯಿ, ನಾಯಿ ಅಡುಗೆಮನೆ ಹತ್ತಿರ ಸುಳಿದರೆ ಸಾಕು, "ಪೀಡೆ, ತೊಲಗು" ಅಂತ ಪೊರಕೆ ಎತ್ತುವವರು. ಬೇರೆ ಮನೆ ಮಾಡೋಕೆ ಸೊಸೆ ಕೊಟ್ಟ ಕಾರಣಗಳಲ್ಲಿ ಆ ಪೊರಕೆಗೇ ಮೊದಲ ಜಾಗ.

ಸರಿ, ಬಂಗಾರಿಯನ್ನು ಎಳಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದಳು. ಅಲ್ಲಿ ಫೈಲುಗಳನ್ನು ಜೋಡಿಸೋದು ಪ್ರಾಣಿಯ ಹೆಸರಿನ ಮೇಲೆ.

"ಹೆಸರು?" ಕೌಂಟರಿನ ಹೆಂಗಸು ಕೇಳಿದಳು.

"ಬಂಗಾರಿ."

"ಬಂಗಾರಿಯರು ಒಂದು ಕಟ್ಟು ಇದ್ದಾರೆ. ನಿಮ್ಮದು ಗಿಳೀನಾ, ಬೆಕ್ಕಾ?"

"ನಾಯಿ ಕಣ್ರೀ! ಕಾಣ್ತಿಲ್ವಾ, ಇಲ್ಲೇ ಕೆಳಗಿದೆ. ರಾಣಿ ಅಂತಾನೂ ನೋಡಿ, ನಮ್ಮನೆಯವರು ಹಾಗೆ ಕರೀತಾರೆ."

ಕಟ್ಟೆಲ್ಲ ಜಾಲಾಡಿದರೂ ಆ ಬಂಗಾರಿ ಇಲ್ಲ, ರಾಣಿಯೂ ಇಲ್ಲ. ಅಂದರೆ ಪಾಪದ ಪ್ರಾಣಿಗೆ ಇಲ್ಲೀತನಕ ಒಂದು ಇಂಜೆಕ್ಷನ್ನೂ ಆಗಿಲ್ಲ! ಅಷ್ಟರಲ್ಲಿ ಬಂಗಾರಿ ಮುಂಗಾಲೆರಡನ್ನೂ ಕೌಂಟರಿನ ಮೇಲಿಟ್ಟು ಬಾಲ ಅಲ್ಲಾಡಿಸಿತು. ಹೆಂಗಸಿನ ಮುಖ ಅರಳಿತು.

"ಅಯ್ಯೋ, ನಮ್ಮ ಪೀಡೆ! ಮೊದ್ಲೇ ಹೇಳ್ಬಾರ್ದಾ? ಅಮ್ಮ ಯಾಕೆ ಬರ್ಲಿಲ್ಲ ಇವತ್ತು?"

ಫೈಲು ಥಟ್ಟನೆ ಸಿಕ್ಕಿತು. ಎಲ್ಲಾ ಇಂಜೆಕ್ಷನ್ನು, ಜಂತುಹುಳದ ಔಷಧಿ, ಕಿವಿ ಸೋರಿದಾಗಿನ ಚಿಕಿತ್ಸೆ, ಒಂದೂ ತಪ್ಪಿರಲಿಲ್ಲ. ಕಿವಿ ಸೋರಿದ್ದೇ ಸೊಸೆಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು.

"ಹೊಸ ಮನೆಗೆ ಬೇಕು. ನಕಲು ಕೊಡಿ, ಹೊರಡ್ತೀನಿ."

"ನಿಮಗೆ ಕೊಡೋಕಾಗಲ್ಲ ಮೇಡಂ. ನಾಯಿ ಅಮ್ಮನ ಹೆಸರಲ್ಲಿದೆ. ಅವರೇ ಬಂದು ಸಹಿ ಹಾಕ್ಬೇಕು."

ನೋಡಿ ಗ್ರಹಚಾರ! ಅತ್ತೆಯಿಂದ ದೂರ ಹೋಗೋಕೆ ಅತ್ತೆಯದೇ ಸಹಿ. ವಿಧಿಯಿಲ್ಲದೆ ಫೋನ್ ಮಾಡಿದಳು. ಅತ್ತೆ ಮನೆಯ ಚಪ್ಪಲಿಯಲ್ಲೇ ಬಂದರು, ಸಹಿ ಹಾಕಿದರು. ನಕಲು ಸೊಸೆಯ ಕೈಗೆ ಬಂತು.

"ಇಷ್ಟು ವರ್ಷ ನಮಗೊಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ನೀವು ಕೇಳಿದ್ರಾ?"

ಕೌಂಟರಿನವಳು ಪೆನ್ನು ಹಿಡಿದು ಕೇಳಿದಳು: "ಹೇಗೂ ನಾಯಿ ನಿಮ್ಮ ಜೊತೆ ಹೋಗ್ತಿದೆ. ಮಾಲೀಕರ ಹೆಸರು ನಿಮ್ಮದಕ್ಕೆ ಬದಲಾಯಿಸ್ಲಾ?"

ಅತ್ತೆ ಗೋಡೆಯ ಮೇಲಿದ್ದ ಹಸುವಿನ ಚಿತ್ರ ನೋಡುತ್ತಾ ನಿಂತರು. ಕಣ್ಣು ತುಂಬಿತ್ತು. ಸೊಸೆ ಅದನ್ನು ಗಮನಿಸಿದಳು.

"ಬೇಡ. ಅತ್ತೆ ಹೆಸರಲ್ಲೇ ಇರ್ಲಿ," ಅಂದಳು. ತನ್ನ ಮನಸ್ಸು ಎಷ್ಟು ದೊಡ್ಡದು ಅಂತ ಒಳಗೊಳಗೇ ಬೀಗಿದಳು ಕೂಡ.

ಅತ್ತೆ ಕಣ್ಣೊರೆಸಿಕೊಂಡರು. ಸೊಸೆಯ ಕೈಯಿಂದ ನಾಯಿಯ ಬೆಲ್ಟು ತಗೊಂಡರು.

"ಹಾಗಾದ್ರೆ ಮುಗೀತು. ನನ್ನ ನಾಯಿ, ನನ್ನ ಮನೇಲೇ ಇರುತ್ತೆ."

"ಅತ್ತೆ, ನಾನು ಹೇಳಿದ್ದು ಹಾಗಲ್ಲ..."

"ಅಮ್ಮ ಹೇಳೋದು ಸರಿ ಮೇಡಂ," ಅಂದಳು ಕೌಂಟರಿನವಳು, ಫೈಲು ಮುಚ್ಚುತ್ತಾ. ಬಂಗಾರಿಯಂತೂ ಸೊಸೆಯ ಕಡೆ ತಿರುಗಿಯೂ ನೋಡದೆ ಅತ್ತೆಯ ಹಿಂದೆ ಹೊರಟೇಬಿಟ್ಟಿತು.

ಬಾಗಿಲ ಹತ್ತಿರ ಅತ್ತೆ ನಿಂತರು. ಮುಖ ಮಾತ್ರ ಬೀದಿಯ ಕಡೆಗೇ ಇತ್ತು.

"ಭಾನುವಾರ ಬಂದು ನೋಡ್ಕೊಂಡು ಹೋಗಿ. ಒಂದ್ಸಲ ಅಲ್ಲ, ವಾರ ವಾರ. ಇಬ್ರೂ ಬನ್ನಿ. ಮನೆ ಖಾಲಿ ಆದ್ರೆ..." ಅತ್ತೆ ಬೆಲ್ಟನ್ನು ಕೈಗೆ ಸುತ್ತಿಕೊಂಡರು. "ನಾಯಿ ಊಟ ಬಿಟ್ಬಿಡುತ್ತೆ."